ಹಿಂದಿನ ಕೋಣೆಗೊಂದು ತಂತಿ

ಹಳದಿ ಎಳೆ ಮತ್ತೆ ಜಾರಿತು, ಥೂ, ಕಪ್ಪು ಕೆಂಪು ಹಸಿರು ಹಳದಿ, ನಾಲ್ಕೂ ಸಾಲಾಗಿ ನಿಂತಿದ್ದವು, ಇನ್ನೇನು ಪ್ಲಗ್ಗಿನೊಳಗೆ ತೂರಿಸಬೇಕು ಅನ್ನುವಾಗ ಈ ಹಳದಿಗೆ ಸೊಟ್ಟಗಾಗುವ ಚಪಲ, ಹುಟ್ಟುಗುಣ ಸುಟ್ಟರೂ ಹೋಗದು, ಅವಳು ಕಣ್ಣುಜ್ಜಿಕೊಂಡಳು, ಕಣ್ಣೊಳಗೆ ಮರಳು ಸುರಿದ ಹಾಗಿದೆ, ಆಫೀಸಿನಲ್ಲಿ ಕಂಪ್ಯೂಟರಿನ ಎಂಟೆಳೆಯ ತಂತಿಗಳಿಗೆ ಹರಟೆ ಹೊಡೆಯುತ್ತಲೇ ಪ್ಲಗ್ ಕೂರಿಸುವವಳು ಮನೆಯ ನೆಲದ ಮೇಲೆ ಕೂತು ಬರೀ ನಾಲ್ಕೆಳೆಯ ಫೋನ್ ತಂತಿಗೆ ಸೋತು ಸುಣ್ಣವಾಗಿದ್ದಾಳೆ — ಅಮ್ಮನನ್ನು ಎಬ್ಬಿಸು, ಒರೆಸು, ಮಗ್ಗುಲು ಬದಲಿಸು, ಇದ್ದಬದ್ದ ರಜೆಯೆಲ್ಲ ಅದರಲ್ಲೇ ಸೋರಿಹೋಯಿತು, ನಾಳೆ ಕೆಲಸಕ್ಕೆ ಹೋಗಲೇಬೇಕು, ಹಿಂದಿನ ಕೋಣೆಯಿಂದ ಅಮ್ಮನ ದನಿ, ಏನೇ ಅದು, ಇಲಿ ಕಡಿದ ಹಂಗೆ, ಫೋನ್ ವೈರ್ ಮಾಡ್ತಿದೀನಮ್ಮ, ನಿನ್ನ ಮಂಚದ ತನಕ ಬರೋ ಹಂಗೆ, ಅಂಗಡೀಲಿ ಸಿಗಲ್ವೇನೇ, ಇಷ್ಟುದ್ದದ್ದು ಸಿಗಲ್ಲಮ್ಮ, ಹೂಂ, ಹಂಗಾದ್ರೆ ಒಂದು ಗೇಣು ಜಾಸ್ತಿನೇ ಬಿಟ್ಟು ಕತ್ತರಿಸು, ಕಮ್ಮಿ ಬಿದ್ರೆ ದೇವ್ರು ಬಂದ್ರೂ ಸೇರ್ಸಕ್ಕಾಗಲ್ಲ — ಬದುಕಿಡೀ ಕಂಡವರ ಬಟ್ಟೆ ಹೊಲಿದವಳ ಬಾಯಿ, ಪಾರ್ಶ್ವವಾಯು ಬಡಿದು ಎಡಗೈ ಸತ್ತರೂ ಬಾಯಿ ಸತ್ತಿಲ್ಲ, ಬಲಗೈ ಇದೆ ಅಂದರೆ ಇದೆ, ಕತ್ತರಿ ಹಿಡಿದು ಹಿಡಿದು ಗಂಟುಗಟ್ಟಿದ ಬೆರಳುಗಳು, ಮೊಬೈಲಿನ ಗಾಜು ಆ ಒಣಬೆರಳನ್ನು ಗುರುತೇ ಹಿಡಿಯುವುದಿಲ್ಲ, ಈ ಕನ್ನಡಿ ಚೂರಿನ ಪಾಲಿಗೆ ನಾನು ಸತ್ತೋಗಿದೀನಿ ಕಣೇ ಅಂದಿದ್ದಳು ಅಮ್ಮ, ಅಂದು ತಾನೇ ನಕ್ಕಿದ್ದಳು, ಅದಕ್ಕೇ ನಡುಮನೆಯ ಹಳೇ ಫೋನು, ದಪ್ಪ ಗುಂಡಿಗಳದ್ದು, ಪಕ್ಕದ ಕೆಂಪು ಗುಂಡಿ ಒಂದನ್ನೇ ಒತ್ತಿದರೆ ಕರೆ ಮಗಳ ಮೊಬೈಲಿಗೇ ಬರುತ್ತದೆ, ಮಂಚದ ಪಕ್ಕ ಅದಿದ್ದರೆ ಅಮ್ಮ ಇಲ್ಲೇ ಇರಬಹುದು, ಇಲ್ಲದಿದ್ದರೆ ಅಣ್ಣನ ಮನೆ, ಅಣ್ಣ ಅಂದಿದ್ದ, ನೀನಿಲ್ಲದಾಗ ಬಿದ್ರೆ ಯಾರನ್ನ ಕರೀತಾಳೆ ಹೇಳು, ಒಂದು ಗುಂಡಿ ಒತ್ತಕ್ಕಾಗುತ್ತಾ ನೋಡು, ಆಗಲ್ಲ ಅಂದ್ರೆ ಬೆಳಗ್ಗೆ ಕಾರು ತರ್ತೀನಿ, ನನ್ನ ಮನೇಲೇ ಇರ್ಲಿ, ಅದಕ್ಕೆ ಅಮ್ಮ, ಅವನ ಮನೇಲಿ ಕಿಟಕಿ ತೆಗೆಯಕ್ಕೂ ಸೊಸೆ ಮುಖ ನೋಡ್ಬೇಕು, ನಾ ಒಲ್ಲೆ.

ಕಟಕ್ ಅಂದಿತು ಇಕ್ಕಳ, ಪ್ಲಗ್ಗಿನ ಹಲ್ಲುಗಳು ಎಳೆಗಳನ್ನು ಕಚ್ಚಿದವು, ಇನ್ನೊಂದು ತುದಿಗೂ ಅದೇ ಸಾಲು, ಕಟಕ್, ಒಂದು ತುದಿ ಗೋಡೆಗೆ ಸಿಕ್ಕಿಸಿ ತಂತಿಯನ್ನು ಬಾಗಿಲ ಮೂಲೆ ಹಿಡಿದು ಎಳೆದುಕೊಂಡು ಹೋಗಿ ಮಂಚದ ಪಕ್ಕ ತಂದಿಟ್ಟ ಫೋನಿಗೆ ಸಿಕ್ಕಿಸಿದಳು, ಕೊಯ್ ಅಂತ ಜೀವ ಬಂತು, ಬಂತಮ್ಮಾ, ಒತ್ತು ನೋಡಣ, ಅಮ್ಮ ಬೆರಳಿಟ್ಟಳು, ಒತ್ತಿದಳು, ಗುಂಡಿ ಪೂರಾ ಒಳಗೆ ಹೋಯಿತು, ಪೀ ಇಲ್ಲ ಪೂ ಇಲ್ಲ, ಕೊಯ್ ಅನ್ನುವುದು ಕೊಯ್ ಅನ್ನುತ್ತಲೇ ಇದೆ, ಸರಿಯಾಗಿ ಒತ್ತಮ್ಮ, ಒತ್ತಿದೀನಲ್ಲೇ, ಇನ್ನೂ ಜೋರಾಗಿ, ಅಯ್ಯೋ ಶಕ್ತಿ ಹಾಕಮ್ಮ, ನಿನ್ನೆಯಿಂದ ಇದಕ್ಕೇ ಒದ್ದಾಡ್ತಿದೀನಿ — ಉಗುರಿನ ತುದಿ ಬೆಳ್ಳಗಾಯಿತು, ಅಮ್ಮ ತುಟಿ ಕಚ್ಚಿ ಒತ್ತಿದಳು, ಆಮೇಲೆ ಕೈ ತೆಗೆದು ಹೊದಿಕೆಯೊಳಗೆ ಇಟ್ಟುಕೊಂಡಳು, ಹೋಗ್ಲಿ ಬಿಡೇ, ನನ್ನ ಕೈಲಾಗಲ್ಲ, ಅವನಿಗೆ ಬರಕ್ಕೆ ಹೇಳು, ಕನ್ನಡಕ ಒಂದು ಮರೀದೆ ಇಡು.

ತಂತಿ ಸುತ್ತಿಡಲು ಬಗ್ಗಿದವಳು ಸುಮ್ಮನೆ ತಾನೇ ಒಮ್ಮೆ ಒತ್ತಿದಳು, ತನ್ನ ಗಟ್ಟಿ ಹೆಬ್ಬೆರಳಿನಿಂದ, ಸದ್ದಿಲ್ಲ, ಇನ್ನೊಮ್ಮೆ, ಸದ್ದಿಲ್ಲ, ನಡುಮನೆಗೆ ಬಂದು ಫೋನಿನ ಹಳೇ ಗಿಡ್ಡ ತಂತಿಯನ್ನು ಎತ್ತಿ ಎರಡೂ ತುದಿ ಜೋಡಿಸಿ ಹಿಡಿದಳು, ಒಂದರಲ್ಲಿ ಕಪ್ಪು ಮೊದಲು, ಇನ್ನೊಂದರಲ್ಲಿ ಹಳದಿ ಮೊದಲು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು — ಅವಳು ಮಾಡಿದ್ದರಲ್ಲಿ ಎರಡೂ ಕಡೆ ಒಂದೇ ಸಾಲು, ಆಫೀಸಿನ ಕೈ, ಆಫೀಸಿನ ರೂಢಿ, ಹಾಗಿದ್ದರೆ ಫೋನಿಗೆ ಮುಟ್ಟುವಾಗ ಕೆಂಪು ಹಸಿರು ಅದಲುಬದಲು, ಅದಲುಬದಲಾದರೆ ಈ ಮುದಿ ಫೋನಿಗೆ ಕಿವಿ ಇರುತ್ತದೆ, ಗುಂಡಿಗೆ ದನಿ ಇರುವುದಿಲ್ಲ, ಬೆರಳಿನ ತಪ್ಪಲ್ಲ, ಡಬ್ಬಿಯಲ್ಲಿ ಒಂದೇ ಒಂದು ಪ್ಲಗ್ ಉಳಿದಿದೆ, ಮತ್ತು ತಪ್ಪು ಯಾರದೆಂದು ಯಾರಿಗೂ ಗೊತ್ತಿಲ್ಲ, ಅಣ್ಣನಿಗೆ ತಂತಿಯ ತಲೆಬುಡ ತಿಳಿಯದು, ಅಮ್ಮ ನಂಬಿಬಿಟ್ಟಿದ್ದಾಳೆ, ಸುಳ್ಳು ಹೇಳುವುದೂ ಬೇಕಿಲ್ಲ, ಸುಮ್ಮನಿದ್ದರೆ ಸಾಕು, ನಾಳೆ ಕಾರು ಬರುತ್ತದೆ, ನಾಳೆ ರಾತ್ರಿ ನಿದ್ದೆ, ಮಗ್ಗುಲು ಬದಲಿಸುವುದಿದ್ದರೆ ತನ್ನದೊಂದೇ ಮಗ್ಗುಲು, ನಿದ್ದೆ ಅಂದರೆ ಹೇಗಿರುತ್ತದೆ, ಬಾವಿಗೆ ಕಲ್ಲು ಬಿದ್ದ ಹಾಗೆ, ಗೋಡೆಗೊರಗಿದಳು, ಕಣ್ಣು ಮುಚ್ಚಿದರೆ ಕತ್ತಲೆ ಬರಬೇಕಲ್ಲ, ಬರಲಿಲ್ಲ, ಉಗುರು ಬಂತು, ಬೆಳ್ಳಗಾದ ತುದಿ, ಶಕ್ತಿ ಹಾಕಮ್ಮ ಅಂದಿದ್ದೆ, ಹಾಕಿದ್ದಳು, ಇದ್ದದ್ದಷ್ಟೂ ಹಾಕಿದ್ದಳು — ಎದ್ದು ಹೊಸ ತಂತಿಯ ಒಂದು ತುದಿಯನ್ನು ಕಚಕ್ಕನೆ ಕತ್ತರಿಸಿದಳು, ಹಳದಿ ಹಸಿರು ಕೆಂಪು ಕಪ್ಪು, ಈ ಸಲ ಒಂದೂ ಜಾರಲಿಲ್ಲ, ಕಟಕ್.

ಅಮ್ಮಾ, ಇನ್ನೊಂದ್ಸಲ ಒತ್ತು, ಬೇಡ ಕಣೇ ಸಾಕು, ನನ್ನಾಣೆ ಒತ್ತಮ್ಮ, ವೈರ್ ತಪ್ಪು ಹಾಕಿದ್ದೆ, ನಾನೇ ಉಲ್ಟಾ ಹಾಕಿದ್ದೆ, ನಿನ್ನ ಬೆರಳದ್ದೇನಿಲ್ಲ, ಸಮಾಧಾನ ಮಾಡಕ್ಕೆ ಹೇಳ್ತೀಯ, ಇಲ್ಲಮ್ಮ, ಹೊದಿಕೆಯಿಂದ ಕೈ ಹೊರಬಂತು, ಕೆಂಪು ಗುಂಡಿ ಒಳಗೆ ಹೋಯಿತು, ಪೀಪಿಪೀ, ಅಂಗೈಯಲ್ಲಿ ಮೊಬೈಲು ಗಡಗಡ ನಡುಗಿತು, ಅವಳು ನಕ್ಕುಬಿಟ್ಟಳು, ಬಂತಮ್ಮ, ಬಂತು, ನೋಡಿಲ್ಲಿ, ಬಿಡು ಸಾಕು, ಅಮ್ಮ ಬಿಡುತ್ತಿಲ್ಲ, ತುಟಿ ಕಚ್ಚಿದ್ದಾಳೆ, ಕಣ್ಣು ಗುಂಡಿಯ ಮೇಲೇ, ಕೇಳಿಸ್ತಿಲ್ವಾ, ಹೊಡ್ಕೋತಿದೆ, ಬೆರಳು ತೆಗಿಯಮ್ಮ, ಮೊಬೈಲು ಹೊಡೆದುಕೊಳ್ಳುತ್ತಲೇ ಇದೆ, ಇನ್ನೂ ಜೋರಾಗಿ ಅಂದ್ಯಲ್ಲೇ ಅಂತಾಳೆ ಅಮ್ಮ, ಬೆರಳು ತೆಗೆಯುತ್ತಿಲ್ಲ, ಉಗುರು ಬೆಳ್ಳಗೆ, ಕೆಂಪಿನ ಮೇಲೆ ಬೆಳ್ಳಗೆ, ಒತ್ತಿಕೊಂಡೇ