ಬಾಣಂತಿಗೆ ಹೇಳಬಾರದ ಸುದ್ದಿ

ಸುಳ್ಳು ಹೇಳಲು ನನಗೆ ಮೊದಲಿನಿಂದಲೂ ಬರುತ್ತಿರಲಿಲ್ಲ. ಸೇಡಂ ಸಂತೆಗೆ ಎತ್ತು ಮಾರಲು ಹೋದರೆ, ಇದು ಹಾಯುತ್ತದೆ ಎಂದು ನಾನೇ ಹೇಳಿ ಗಿರಾಕಿಯನ್ನು ಓಡಿಸಿದವನು. ಅಂಥವನು ಹೆಂಡತಿಗೆ ಹದಿಮೂರು ತಿಂಗಳು ಒಂದೇ ಸುಳ್ಳು ಹೇಳಿದೆ. ಅದೂ ಮನೆಯಲ್ಲಿ ಹಬ್ಬ ಮಾಡಿ, ಓಣಿಗೆಲ್ಲ ಸಿಹಿ ಹಂಚಿ.

ಆ ಸಲ ಹುಟ್ಟಿದ್ದು ನಮ್ಮ ಮೂರನೆಯ ಕೂಸು. ಮೊದಲನೆಯದು ಒಂಬತ್ತು ದಿನ ಬದುಕಿತ್ತು. ಎರಡನೆಯದರ ಬಾಣಂತನಕ್ಕೆ ನೀಲಾಬಾಯಿ ತನ್ನ ತವರಿಗೆ, ವಾಡಿ ಹತ್ತಿರದ ರಾವೂರಿಗೆ ಹೋಗಿದ್ದಳು. ಅಲ್ಲಿ ಅವಳಪ್ಪ ಜ್ವರ ಬಂದು ತೀರಿಹೋದ. ಹಡೆದು ಹದಿನೈದು ದಿನವಾದವಳು ಹೆಣದ ಮುಂದೆ ಕೂತು ಅತ್ತಳು, ಊಟ ಬಿಟ್ಟಳು. ವಾರದೊಳಗೆ ಕೂಸೂ ಹೋಯಿತು. ಮಣ್ಣಿಗೆ ಬಂದಿದ್ದ ನಮ್ಮವ್ವ ಶರಣಬಸಮ್ಮ ನಾಲ್ಕು ಮಂದಿಯ ಎದುರಿಗೇ ಸೊಸೆಗೆ ಅಂದಳು: “ಅತ್ತು ಅತ್ತು ಎದಿ ಹಾಲು ಬತ್ತಿಸ್ಕೊಂಡಿ. ಕೂಸಿನ ಬಾಯಾಗ ನೀನ ಮಣ್ಣ ಹಾಕಿದಿ.” ನಾನು ಅವ್ವನನ್ನು ತಡೆಯಲಿಲ್ಲ. ಅವ್ವನ ಮಾತು ಖರೆ ಇರಬಹುದೆಂದೇ ನನಗೂ ಅನಿಸಿತ್ತು, ಈಗ ಮುಚ್ಚಿಡುವುದೇನು.

ಹಾಗಾಗಿ ಮೂರನೆಯ ಹೆರಿಗೆ ನಮ್ಮೂರು ಕುರಕುಂಟಾದಲ್ಲೇ, ತನ್ನ ಕಣ್ಣ ಮುಂದೆಯೇ ಆಗಬೇಕೆಂದು ಅವ್ವ ಹಟ ಹಿಡಿದಳು. ಗಂಡು ಹುಟ್ಟಿತು. ಅಯ್ಯನವರು ಬಂದು ಲಿಂಗ ಕಟ್ಟಿ ಹೋದ ಮೇಲೆ ಅವ್ವ ಕೂಸನ್ನು ಒಯ್ದು ತಿಪ್ಪೆಯ ಮೇಲೆ ಮಲಗಿಸಿದಳು. ಸೂಲಗಿತ್ತಿ ಅಮೀರ್ಬೀ ಅದನ್ನು ಎತ್ತಿಕೊಂಡಳು, ಅವ್ವ ಅವಳಿಗೆ ಒಂದು ಮೊರ ಜೋಳ ಕೊಟ್ಟು ಕೂಸನ್ನು ಕೊಂಡುಕೊಂಡಳು. ಸಾವು ಇದನ್ನು ಕಸವೆಂದು ತಿಳಿದು ಬಿಟ್ಟುಹೋಗಲಿ ಅಂತ. ತಿಪ್ಪಣ್ಣ ಎಂದೇ ಹೆಸರಿಡುವುದೂ ಅಂದೇ ನಿಕ್ಕಿಯಾಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಹೊಲದಲ್ಲಿದ್ದೆ. ಸ್ಟೇಷನ್ನಿನ ಕಡೆಯಿಂದ ಹಾಜಿಸಾಬ ಬರುವುದು ಕಂಡಿತು. ನೀಲಾಳ ಅಣ್ಣ ಕಲ್ಯಾಣಪ್ಪನ ಜೋಡಿ ರಾವೂರ ಕಲ್ಲಿನ ಗಣಿಯಲ್ಲಿ ಫರಸಿ, ಎಂದರೆ ನೆಲಕ್ಕೆ ಹಾಸುವ ಕಲ್ಲು, ಎಬ್ಬಿಸುವವನು. ಕೂಸು ನೋಡಲು ಬಂದನೆಂದು ನಕ್ಕೆ. ಅವನು ನಗಲಿಲ್ಲ.

“ಸೂಗಪ್ಪಣ್ಣ, ಕಲ್ಯಾಣಪ್ಪ ಹೋಗಿಬಿಟ್ಟ,” ಎಂದ. ಹಿಂದಿನ ಸಂಜೆ ಹಾರೆ ಹಾಕಿ ಮೇಲೆತ್ತಿದ ಕಲ್ಲಿನ ಹಾಸು ಜಾರಿ ಎದೆಯ ಮೇಲೆ ಬಿದ್ದಿತ್ತಂತೆ. ಇಪ್ಪತ್ತಮೂರು ವರ್ಷದ ಹುಡುಗ. ಬರುವ ಬೇಸಿಗೆಗೆ ಲಗ್ನ ಗೊತ್ತಾಗಿತ್ತು.

ಅವ್ವನನ್ನು ಹಿತ್ತಲಿಗೆ ಕರೆದು ಹೇಳಿದೆ. ಎರಡೂ ಕೈ ಬಾಯಿಗೆ ಒತ್ತಿಕೊಂಡು ನಿಂತಳು. ಕೈ ತೆಗೆದ ಮೇಲೆ ಆಡಿದ ಮೊದಲ ಮಾತು: “ಅಕಿ ಕಿವಿಗಿ ಬೀಳಬಾರದು.” ಬಾಣಂತಿಗೆ ಸಾವಿನ ಸುದ್ದಿ ನಮ್ಮ ಕಡೆ ಯಾರೂ ಹೇಳುವುದಿಲ್ಲ. ತಿಂಗಳೊಪ್ಪತ್ತು ಮುಚ್ಚಿಟ್ಟು, ಕೂಸು ಗಟ್ಟಿಯಾದ ಮೇಲೆ ಮೆಲ್ಲಗೆ ಹೇಳುತ್ತಾರೆ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಸೇಡಂಗೆ ಹೋಗಿ ತೊಟ್ಟಿಲು ತರುತ್ತೇನೆಂದು ನೀಲಾಗೆ ಹೇಳಿ ರೈಲು ಹತ್ತಿದೆ.

ರಾವೂರಲ್ಲಿ ಕುಣಿಯೊಳಗೆ ಕಲ್ಯಾಣಪ್ಪನ ಹೆಣ ಕೂರಿಸುವಾಗ ಒಂದು ತೋಳು ನಾನೇ ಹಿಡಿದಿದ್ದೆ. ನನ್ನ ಅತ್ತೆ ಗುರುಲಿಂಗಮ್ಮನ ಮುಂದೆ ನೀಲಾಳ ಮಾತು ಹೇಗೆ ತೆಗೆಯಲಿ ಎಂದು ಒದ್ದಾಡುತ್ತಿದ್ದೆ. ಮರುದಿನ ಹೊರಡುವ ಹೊತ್ತಿಗೆ ಅವಳೇ ಅಂದಳು: “ನನ್ನ ಮಗ ಹೋದ. ಅಕಿ ಮಗ ಉಳೀಲಿ. ಹೇಳಬ್ಯಾಡ್ರಿ.” ಹೊಲಿದಿಟ್ಟಿದ್ದ ಒಂದು ಕುಂಚಿಗೆಯನ್ನು ನನ್ನ ಕೈಗೆ ಕೊಟ್ಟು, “ಮಾಮ ಕಳಿಸ್ಯಾನ ಅನ್ರಿ,” ಎಂದಳು. ತಾನಾಗಿ ನಮ್ಮೂರಿಗೆ ಬರಲಾರಳು. ಬಂದರೆ ಮುಖವೇ ಹೇಳಿಬಿಡುತ್ತಿತ್ತು.

ತೊಟ್ಟಿಲ ದಿನ ಕೂಸಿನ ತಲೆಗೆ ಆ ಕುಂಚಿಗೆ ಕಟ್ಟಿ ನೀಲಾ ಹಿಗ್ಗಿಹೋದಳು. ಆಮೇಲೆ ಕೇಳಿದಳು, “ಅಣ್ಣ ಯಾಕ ಬರಲಿಲ್ರಿ?”

“ಹೈದ್ರಾಬಾದದಾಗ ಯಾವುದೋ ನವಾಬನ ದೇವಡಿಗಿ ಫರಸಿ ಹಾಸಲಿಕ್ಕ ಹೋಗ್ಯಾನ. ವರ್ಷದ ಕೆಲಸ ಅದ,” ಎಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

“ಹೈದ್ರಾಬಾದಿಗಿ ನಮ್ಮೂರ ಮ್ಯಾಲೇ ಹೋಗಬೇಕಲ್ರಿ? ಇಳೀಲಿಲ್ಲೇನು?”

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. “ಠೇಕೇದಾರ ಇಳೀಲಿಕ್ಕ ಬಿಡಲಿಲ್ಲ. ಕಲ್ಲಿನ ಸಂಗಾಟ ಹೋಗ್ತಾನ, ಬರ್ತಾನ. ಕಿಡಕ್ಯಾಗಿಂದ ನಮ್ಮ ಹೊಲ ಕಾಣತದ ಅಂದಾನ,” ಎಂದೆ. ಒಂದು ಸುಳ್ಳು ಸಾಲದೆಂದು ಅದಕ್ಕೊಂದು ಕಿಟಕಿಯನ್ನೂ ಇಟ್ಟೆ. ಜಾಣ ನಾನು.

ಬಾಣಂತನ ಮುಗಿಸಿ ಹೊರಗೆ ಬಂದದ್ದೇ ನೀಲಾ ಹೊಲಕ್ಕೆ ಬುತ್ತಿ ತರುವ ಕೆಲಸ ತಾನೇ ತೆಗೆದುಕೊಂಡಳು. ನಮ್ಮ ಹೊಲ ರೈಲು ದಾರಿಗೆ ಹತ್ತಿ ಇದೆ. ಮಧ್ಯಾಹ್ನದ ಗಾಡಿಯ ಸಪ್ಪಳ ಕೇಳಿದರೆ ಬದುವಿನ ಮೇಲೆ ಓಡಿಹೋಗಿ, ಕೂಸನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು ನಿಲ್ಲುವಳು. “ಅಗೋ ಮಾಮ, ನೋಡು ಮಾಮ,” ಎಂದು ಕೊನೆಯ ಡಬ್ಬಿ ಹೋಗುವವರೆಗೂ ಹೇಳುವಳು. ಗಾಡಿಯಲ್ಲಿದ್ದ ಯಾರೋ ಕೈ ಬೀಸುತ್ತಿದ್ದರು. ಕೈ ಬೀಸುವವರು ಎಲ್ಲ ಗಾಡಿಯಲ್ಲೂ ಇರುತ್ತಾರಲ್ಲ. ಅವಳು ನನ್ನ ಕಡೆ ತಿರುಗಿ, “ಕಂಡನಲ್ರಿ!” ಎಂದು ನಗುವಳು. ನಾನು ರೊಟ್ಟಿ ಮುರಿಯುತ್ತ ಹೂಂ ಅನ್ನುತ್ತಿದ್ದೆ.

ಮೂರು ತಿಂಗಳಾಯಿತು. ನೀಲಾ ತವರಿಗೆ ಹೋಗುತ್ತೇನೆಂದರೆ ವರ್ಷ ತುಂಬುವವರೆಗೆ ಕೂಸನ್ನು ಊರು ದಾಟಿಸಬಾರದೆಂದು, ತಾಯಿಯನ್ನು ಕರೆಸಿ ಎಂದರೆ ಅವಳಿಗೆ ಮಂಡಿ ಹಿಡಿದಿವೆಯೆಂದು ಅವ್ವ ತಡೆಯುತ್ತಿದ್ದಳು. ಈಗಲಾದರೂ ಹೇಳೋಣವೇ ಎಂದರೆ ಅವ್ವ, “ಬೋರಲು ಬೀಳಲಿ ತಡಿ,” ಎಂದಳು. ಕೂಸು ಬೋರಲು ಬಿತ್ತು. ಹಿಂದಿನ ಎರಡೂ ಇಲ್ಲಿಯವರೆಗೆ ಬಂದಿರಲಿಲ್ಲ. ಅವ್ವ ಕಡಬು ಮಾಡಿ ಓಣಿಗೆಲ್ಲ ಹಂಚಿದಳು. ಓಣಿಗೆಲ್ಲ ವಿಷಯ ಗೊತ್ತಿತ್ತು, ಅವ್ವನೇ ಹೇಳಿ ಎಲ್ಲರ ಬಾಯಿ ಕಟ್ಟಿದ್ದಳು. ಕಡಬು ಇಸಕೊಂಡ ಹೆಂಗಸರು ನೀಲಾಗೆ, “ಮಾಮ ಏನ ಕಳಿಸಿದ?” ಎಂದು ಕೇಳುವರು. ಅವಳು ಒಂದೊಂದನ್ನೂ ತಂದು ತೋರಿಸುವಳು. ಯಾಕೆಂದರೆ ಪ್ರತಿ ಸಲ ನಾನು ರಾವೂರಿಗೆ ಹೋಗಿ ಏನಾದರೊಂದು ತರುತ್ತಿದ್ದೆ, ಗುರುಲಿಂಗಮ್ಮ ಸತ್ತ ಮಗನ ಹೆಸರಲ್ಲಿ ಏನಾದರೊಂದು ಮಾಡಿಡುತ್ತಿದ್ದಳು. ಆ ಮುದುಕಿಯ ಮನೆಗೆ ಹೋಗಿ ಮೊಮ್ಮಗ ಬೋರಲಾದ ಸುದ್ದಿ ಹೇಳುವಾಗ ಅವಳು ನಗುತ್ತಿದ್ದಳು, ನಗುತ್ತಲೇ ಅಳುತ್ತಿದ್ದಳು.

ಏಳನೆಯ ತಿಂಗಳಲ್ಲಿ ಹಲ್ಲು ಬಂತು. ಅದಕ್ಕೂ ಮುಂಚೆ ಎರಡು ವಾರ ನೀಲಾ ದಿನಾ ಕೂಸಿನ ಒಸಡು ಸವರಿ ನೋಡುವಳು. ಮೇಲಿನ ಹಲ್ಲು ಮೊದಲು ಮೂಡಿದರೆ ಸೋದರಮಾವನಿಗೆ ಕೇಡು ಎಂದು ಎಲ್ಲರೂ ನಂಬುತ್ತಾರೆ. ಅವಳಿಗೆ ಅದೇ ದಿಗಿಲು. ಒಂದು ಬೆಳಿಗ್ಗೆ ದನ ಕಟ್ಟುತ್ತಿದ್ದ ನನ್ನ ಹತ್ತಿರ ಓಡಿಬಂದಳು.

“ಕೆಳಗಿಂದು ಬಂದದ ರೀ! ಕೆಳಗಿನ ಹಲ್ಲ! ನಮ್ಮಣ್ಣಗ ಏನೂ ಆಗಂಗಿಲ್ಲ!”

ಕೂಸಿನ ತುಟಿ ಜಗ್ಗಿ ತೋರಿಸಿದಳು. ಅಕ್ಕಿಕಾಳಿನಷ್ಟು ಬಿಳುಪು. ನಾನು ನೋಡಿದೆ. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು, ಗುಗ್ಗರಿಗೆ ಕಡಲೆ ನೆನೆಹಾಕಿದಳು. ಆ ಗುಗ್ಗರಿಯನ್ನು ನಾನೂ ತಿಂದೆ. ನನ್ನಷ್ಟು ನಾಚಿಕೆಗೇಡಿ ಇನ್ನೊಬ್ಬನಿಲ್ಲ ಎಂದು ಅವತ್ತೇ ಗೊತ್ತಾಗಿತ್ತು, ಆದರೂ ಬಾಯಿ ಬಿಡಲಿಲ್ಲ.

ಆ ಸಲ ರಾವೂರಿಗೆ ಹೋದಾಗ ಗುರುಲಿಂಗಮ್ಮ ಮಗನ ಲಗ್ನಕ್ಕೆಂದು ಇಟ್ಟಿದ್ದ ಬೆಳ್ಳಿ ಕರಗಿಸಿ ಮೊಮ್ಮಗನಿಗೆ ಉಡದಾರ ಮಾಡಿಸಿದ್ದಳು. ಕೊಡುವಾಗ ಕೈ ಬಿಡಲೊಲ್ಲಳು. “ಹಲ್ಲ ಬಂದ್ವಲ್ರಿ, ಇನ್ನರ ಹೇಳ್ರಿ. ಮಗಳ ಕೊರಳಿಗಿ ಬಿದ್ದು ಒಮ್ಮಿ ಅಳತೀನಿ. ಒಬ್ಬಾಕೀನೇ ಅತ್ತು ಸಾಕಾಗ್ಯದ.”

“ಹೊಸ್ತಿಲ ದಾಟಲಿ ಅತ್ತಿ,” ಎಂದೆ. ಅವ್ವನ ಮಾತು ಈಗ ನನ್ನ ಬಾಯಿಂದಲೇ ಬರುತ್ತಿತ್ತು.

ಹೊಸ್ತಿಲು ದಾಟಿದ, ಹೋಳಿಗೆಯಾಯಿತು. ಹೆಜ್ಜೆ ಇಟ್ಟ, ಮತ್ತೆ ಕಡಬಾಯಿತು, ಮಾಮನ ಕಾಲ್ಗೆಜ್ಜೆ ಬಂತು. ಖರೆ ಹೇಳಬೇಕೆಂದರೆ ಅಷ್ಟೊತ್ತಿಗೆ ಹಾಲಿನ ಭಯ ಹೋಗಿತ್ತು. ಹುಡುಗ ರೊಟ್ಟಿಯನ್ನು ಹಾಲಲ್ಲಿ ನೆನೆಸಿಕೊಟ್ಟರೆ ತಿನ್ನುತ್ತಿದ್ದ. ಈಗ ಇದ್ದದ್ದು ನಮ್ಮ ಭಯ. ಮೊದಲ ತಿಂಗಳು ಹೇಳಿದ್ದರೆ ಸಾವಿನ ಸುದ್ದಿ ಮಾತ್ರ ಹೇಳಬೇಕಿತ್ತು. ಈಗ ಕುಂಚಿಗೆ, ಉಡದಾರ, ಗೆಜ್ಜೆ, ಗಾಡಿ ಎಲ್ಲವನ್ನೂ ಹೇಳಬೇಕು.

ಹದಿಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಗಾಡಿ ಬಂತು. ನೀಲಾ ಎಂದಿನಂತೆ ಬದುವಿನ ಮೇಲಿದ್ದಳು. ಹುಡುಗ ಅವಳ ಸೊಂಟದಿಂದ ಮುಂದಕ್ಕೆ ಬಾಗಿ, ಗಾಡಿಯ ಕಡೆ ಕೈ ಚಾಚಿ, ಸ್ಪಷ್ಟವಾಗಿ “ಮಾಮಾ,” ಎಂದ.

ಅವ್ವ ಎಂದು ಕರೆದಿರಲಿಲ್ಲ, ಅಪ್ಪ ಎಂದು ಕರೆದಿರಲಿಲ್ಲ. ಅವನ ಮೊದಲ ಮಾತೇ ಅದು. ನೀಲಾ ಅವನನ್ನು ಎದೆಗೆ ಒತ್ತಿಕೊಂಡು, ನಗುತ್ತ, ಮನೆಯವರೆಗೂ ಓಡಿದಳು. ನಾನು ಎತ್ತು ಬಿಟ್ಟು ಹಿಂದೆಯೇ ಹೋದೆ. ಅಡುಗೆ ಮನೆಯಲ್ಲಿ ಅವಳು ಅವ್ವನ ಮುಂದೆ ಹುಡುಗನನ್ನು ನಿಲ್ಲಿಸಿ ಮತ್ತೆ ಹೇಳಿಸುತ್ತಿದ್ದಳು. ಅವನು ಹೇಳಿದ. ಅವ್ವ ಒಲೆಯ ಕಡೆ ಮುಖ ತಿರುಗಿಸಿದಳು.

“ಹಲ್ಲ ಬಂದ್ರ ಗುಗ್ಗರಿ ಮಾಡಿದ್ರಿ, ಹೊಸ್ತಿಲ ದಾಟಿದ್ರ ಹೋಳಗಿ ಮಾಡಿದ್ರಿ. ಮೊದಲನೇ ಮಾತಿಗಿ ಏನೂ ಇಲ್ಲೇನ್ರಿ ಅತ್ತಿ?” ಎಂದಳು ನೀಲಾ, ಚೇಷ್ಟೆಗೆ. “ಅಣ್ಣನ ತೊಡಿ ಮ್ಯಾಲೇ ಜಾವಳದ ಕೂದಲ ತೆಗೆಸೋದು. ಹೈದ್ರಾಬಾದಿಗಿ ನಾನ ಹೋಗಿ ಕರಕೊಂಡು ಬರ್ತೀನಿ, ನೋಡ್ರಿ ಬೇಕಾದ್ರ.”

ಅವ್ವ ತಿರುಗಲಿಲ್ಲ. ಅವಳ ಹೆಗಲು ಅಲುಗುತ್ತಿತ್ತು. ನೀಲಾ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಗು ಮುಖದ ಮೇಲೆ ಇನ್ನೂ ಇತ್ತು.

“ಕಲ್ಯಾಣಪ್ಪ ಇಲ್ಲ ನೀಲಾ,” ಎಂದೆ. “ಗಣ್ಯಾಗ ಕಲ್ಲು ಬಿತ್ತು.”

“ಯಾವಾಗ?”

“ಕೂಸು ಹುಟ್ಟಿದ ಹತ್ತನೇ ದಿನಕ್ಕ.”

ಅವಳು ಅಳಲಿಲ್ಲ. ನೆಲದ ಮೇಲೆ ಕೂತು ಒಂದೊಂದೇ ಕೇಳಿದಳು. ಬೋರಲು ಬಿದ್ದಾಗ ಇದ್ದನೇನು? ಇರಲಿಲ್ಲ. ಹಲ್ಲು ಬಂದಾಗ? ಇರಲಿಲ್ಲ. ಹೊಸ್ತಿಲು ದಾಟಿದಾಗ? ಪ್ರತಿಯೊಂದಕ್ಕೂ ನಾನು ಇರಲಿಲ್ಲ, ಇರಲಿಲ್ಲ ಎಂದು ಹೇಳಬೇಕಾಯಿತು. ಕಡೆಗೆ ತನಗೆ ತಾನೇ ಅಂದುಕೊಂಡಳು, “ನಾ ಹೋಳಗಿ ತಿಂದೆ. ತುಪ್ಪ ಹಾಕ್ಕೊಂಡು ತಿಂದೆ.” ಆಮೇಲೆ ಎದ್ದು, ಹುಡುಗನನ್ನು ಎತ್ತಿಕೊಂಡು ಸ್ಟೇಷನ್ನಿಗೆ ನಡೆದಳು. ನಾನು ಬರುತ್ತೇನೆ ಎಂದೆ. ಬೇಡ ಎಂದಳು.

ಹತ್ತು ದಿನ ಬಿಟ್ಟು ಹಾಜಿಸಾಬ ಬಂದ. ಜಾವಳಕ್ಕೆ ನಾನೊಬ್ಬನೇ ಬರಬೇಕಂತೆ. ಅವ್ವ ಕೇಳಿಸಿಕೊಂಡು ಒಳಗೆ ಹೋದಳು.

ರಾವೂರ ಹೊರಗೆ, ಕಲ್ಯಾಣಪ್ಪನನ್ನು ಮಣ್ಣು ಮಾಡಿದ ಜಾಗದ ಮೇಲೆ ಗೆಳೆಯರು ಒಂದು ಫರಸಿ ಹಾಸಿದ್ದರು. ಹುಡುಗನನ್ನು ಅದರ ಮೇಲೆ ಕೂರಿಸಿದ್ದರು. ಸೋದರಮಾವನ ತೊಡೆ ಎಂದರೆ ಇನ್ನು ಅದೇ. ಗುರುಲಿಂಗಮ್ಮ ಹಿಂದಿನಿಂದ ಅವನ ಎರಡೂ ತೋಳು ಹಿಡಿದಿದ್ದಳು. ಹಡಪದವನು ತಲೆಗೆ ನೀರು ಸವರಿ ಕತ್ತಿ ಎಳೆಯುತ್ತಿದ್ದ, ಕೂದಲು ಕಲ್ಲಿನ ಮೇಲೆ ಬೀಳುತ್ತಿತ್ತು. ಯಾರೂ ಹಾಡಲಿಲ್ಲ. ಅರ್ಧ ತಲೆ ಆಗುವಷ್ಟರಲ್ಲಿ ಹುಡುಗ ಚೀರಾಡತೊಡಗಿದ. ನೀಲಾ ಅವನನ್ನು ಎತ್ತಿಕೊಂಡು ಅಲ್ಲೇ ಮಣ್ಣಲ್ಲಿ ಕೂತು ಎದೆಗೆ ಹಚ್ಚಿದಳು. ಅವಳ ಕಣ್ಣು ಊದಿ ಸಣ್ಣಗಾಗಿದ್ದವು.

“ಇಲ್ಲಿ ಬರ್ರಿ,” ಎಂದು ನನ್ನನ್ನು ಕರೆದಳು.

ಹೋದೆ. ಹುಡುಗ ಗುಟುಗುಟು ಕುಡಿಯುತ್ತಿದ್ದ. ಬಾಯಂಚಿನಿಂದ ಹಾಲು ಸುರಿದು ಗಲ್ಲಕ್ಕೆ ಇಳಿಯುತ್ತಿತ್ತು.

“ಹತ್ತು ದಿನ ಆತು, ಅಳಲಿಕತ್ತೀನಿ. ಹಗಲು ಅತ್ತೀನಿ, ರಾತ್ರಿ ಅತ್ತೀನಿ. ಮೊದಲಿನ ಎರಡ ದಿನ ತುತ್ತ ಅನ್ನ ಮುಟ್ಟಿಲ್ಲ, ನಮ್ಮವ್ವನ್ನ ಕೇಳ್ರಿ.” ಹುಡುಗನ ಗಲ್ಲವನ್ನು ಬೆರಳಿಂದ ಒರೆಸಿ ಆ ಬೆರಳನ್ನು ನನಗೆ ತೋರಿಸಿದಳು. “ನೋಡ್ರಿ. ಹಾಲು ಬತ್ತಿಲ್ಲ.”

ನಾನು ಅವಳ ಎದುರಿಗೆ ಮಣ್ಣಲ್ಲೇ ಕೂತೆ.

“ಆ ಎರಡನೇ ಕೂಸನ್ನ ನಾ ಕೊಂದಿಲ್ರಿ,” ಎಂದಳು.

“ನಮ್ಮವ್ವಗ ಹೇಳ್ತೀನಿ,” ಎಂದೆ.

“ಬ್ಯಾಡ್ರಿ. ನೀವ್ ಹೇಳೂದ್ರಾಗ ಖರೆ ಯಾವುದು, ಸುಳ್ಳ ಯಾವುದು, ಯಾರಿಗಿ ತಿಳೀತದ? ನಾನ ಬಂದು ಹೇಳ್ತೀನಿ.”

ಹಡಪದವನು ಕತ್ತಿ ಹಿಡಿದು ಕಾಯುತ್ತಿದ್ದ. ಅವಳು ಹುಡುಗನನ್ನು ಎದೆಯಿಂದ ಬಿಡಿಸಿ ಮತ್ತೆ ಕಲ್ಲಿನ ಮೇಲೆ ಕೂರಿಸಿದಳು.