ಒಂದು ಎಂಟಾಂಶ

ಸಿದ್ದಲಿಂಗ ಸರ್ ನಮ್ಮ ಶಾಲೆಗೆ ವರ್ಗವಾಗಿ ಬಂದ ದಿನ ಅವರ ಬೈಕಿನ ಹಿಂದೆ ಮೂರು ಕಾಲಿನ ಸ್ಟ್ಯಾಂಡು, ಬಳೆಯಂಥ ದುಂಡು ದೀಪ, ಅಂಗಿಗೆ ಸಿಕ್ಕಿಸುವ ಮೈಕು ಕಟ್ಟಿದ್ದವು. ಯೂಟ್ಯೂಬಿನಲ್ಲಿ ‘ಆಟದಾಗ ಪಾಠ’ ಎಂಬ ತಮ್ಮ ಚಾನೆಲನ್ನು ಮೂವತ್ತೆಂಟು ಸಾವಿರ ಮಂದಿ ನೋಡುತ್ತಾರೆಂದು ಮೊದಲ ದಿನವೇ ಹೇಳಿದರು. ಏಳನೆಯ ತರಗತಿಯಲ್ಲಿ ಮಕ್ಕಳೆಷ್ಟು ಎಂದು ಕೇಳಿದ್ದು ಮೂರನೆಯ ದಿನ.

ಹೊಸ ರೀತಿಯಲ್ಲಿ ಕಲಿಸುವುದಕ್ಕೆ ನನ್ನ ತಕರಾರಿಲ್ಲ. ಕನ್ನಡ ಕಲಿಸುವ ನಾನೂ ಪುಸ್ತಕದ ಕ್ಯೂಆರ್ ಕೋಡ್ ತೆರೆದು ಮಕ್ಕಳಿಗೆ ಪದ್ಯ ಕೇಳಿಸಿದವಳೇ. ಆದರೆ ಸಿದ್ದಲಿಂಗ ಸರ್ ಹೊಸದೆಂದು ತರುತ್ತಿದ್ದದ್ದೆಲ್ಲ ಬೇರೆ ಯಾರದೋ ಹಳೆಯದು. ಯಾವುದೋ ದೇಶದ ಮಾಸ್ತರ ಪಿಜ್ಜಾ ಕತ್ತರಿಸಿ ಭಿನ್ನರಾಶಿ ಕಲಿಸಿದ್ದನ್ನು ಫೋನಿನಲ್ಲಿ ನೋಡಿ, ಇವರು ಪಿಜ್ಜಾ ತೆಗೆದು ಜೋಳದ ರೊಟ್ಟಿ ಇಟ್ಟರು. ಚಾಕು ಮಾತ್ರ ಹಾಗೇ ಉಳಿಯಿತು. ರೊಟ್ಟಿಯನ್ನು ಚಾಕುವಿನಿಂದ ಕೊಯ್ಯುವವರನ್ನು ನಮ್ಮ ಅಥಣಿ ತಾಲೂಕಿನ ಮಕ್ಕಳು ಕಂಡದ್ದು ಅಂದೇ ಮೊದಲು. ಎಲ್ಲರೂ ನಕ್ಕರು. ನಗು ರೆಕಾರ್ಡಾಯಿತೆಂದು ಸರ್ ಅಡುಗೆಯವರಿಂದ ಮತ್ತೊಂದು ರೊಟ್ಟಿ ತರಿಸಿದರು.

ಆ ವಿಡಿಯೋಕ್ಕೆ ಅವರಿಗೆ ಇಬ್ಬರು ಮಕ್ಕಳು ಬೇಕಾಗಿದ್ದರು, ತಪ್ಪು ಉತ್ತರ ಹೇಳಲು ಒಬ್ಬರು, ಸರಿ ಉತ್ತರ ಹೇಳಲು ಒಬ್ಬರು. ಸರಿ ಉತ್ತರಕ್ಕೆ ಸಂಗ್ರಾಮನನ್ನು ಆರಿಸಿದರು. ಅವನು ದೊಡ್ಡ ದ್ರಾಕ್ಷಿ ತೋಟದ ದಾದಾಸಾಹೇಬರ ಮಗ, ಅವನ ಸಮವಸ್ತ್ರ ದಿನವೂ ಇಸ್ತ್ರಿಯಾಗಿರುತ್ತಿತ್ತು. ತಪ್ಪು ಉತ್ತರಕ್ಕೆ ಮನೀಷಾ. ಅವಳ ತಾಯಿ ಲಕ್ಕವ್ವ ಅದೇ ತೋಟಕ್ಕೆ ಕೂಲಿಗೆ ಹೋಗುವವಳು. ಮನೀಷಾಳೇ ಯಾಕೆ ಎಂದು ಕೇಳಿದೆ.

“ಮುಖದಾಗ ಒಂದ ನಮೂನಿ ಮುಗ್ಧತೆ ಐತ್ರಿ ಮೇಡಮ್. ನೋಡೋರಿಗೆ ಹಿಡಸ್ತೈತಿ” ಅಂದರು.

ಮನೀಷಾಳ ಮನೆಯಿರುವ ಬುದ್ಧವಿಹಾರದ ಓಣಿಯ ಮಕ್ಕಳ ಮುಖದಲ್ಲಷ್ಟೇ ಈ ಮುಗ್ಧತೆಯನ್ನು ಕಾಣುವ ಕಣ್ಣುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಐದನೆಯ ತರಗತಿಗೆ ಎಲ್ಲ ವಿಷಯವೂ ನನ್ನದೇ ಆಗಿದ್ದರಿಂದ ಮನೀಷಾಳಿಗೆ ಗಣಿತ ಕಲಿಸಿದ್ದೂ ನಾನೇ. ಲೆಕ್ಕವನ್ನು ಹಲಗೆಯ ಮೇಲೆ ಬರೆದು ಮುಗಿಸುವ ಮೊದಲೇ ಉತ್ತರ ಬರೆದಿಟ್ಟು ಕಿಟಕಿಯ ಕಡೆ ನೋಡುತ್ತ ಕೂರುವ ಹುಡುಗಿ ಅವಳು.

ಶೂಟಿಂಗ್ ಶುರುವಾಯಿತು. ಅರ್ಧ ರೊಟ್ಟಿಯನ್ನು ಕಾಲು ರೊಟ್ಟಿಯಿಂದ ಭಾಗಿಸಿದರೆ ಎಷ್ಟು ಎಂದು ಸರ್ ಕೇಳಿದರು.

“ಎರಡ್ರಿ ಸರ್” ಅಂದಳು ಮನೀಷಾ.

ಸರ್ ಕೈ ಎತ್ತಿ ನಿಲ್ಲಿಸಿದರು. “ನಿನಗ ಗೊತ್ತಿದ್ದರ ನಾ ಏನ ಕಲಸ್ಲಿ? ಒಂದ ಎಂಟಾಂಶ ಅನ್ನು.”

“ಅದ ತಪ್ಪಲ್ರಿ ಸರ್?”

“ತಪ್ಪೇ ಬೇಕಾಗೈತಿ.”

ಐದು ಸಲ ತೆಗೆದರು. ಎರಡು ಸಲ ಮನೀಷಾ ನಕ್ಕಳು, ಎರಡು ಸಲ ಸಂಗ್ರಾಮ ತನ್ನ ಉತ್ತರವನ್ನೇ ಮರೆತ. ಐದನೆಯ ಸಲ ಎಲ್ಲ ಸರಿಹೋಯಿತು. ಮನೀಷಾ ಒಂದು ಎಂಟಾಂಶ ಅಂದಳು, ಸಂಗ್ರಾಮ ಎರಡು ಅಂದ, ಸರ್ ಚಾಕು ಆಡಿಸಿದರು, ಆಮೇಲೆ ಮನೀಷಾ ಕಣ್ಣರಳಿಸಿ ಈಗ ತಿಳಿಯಿತು ಎಂದಳು. ಸ್ಟ್ಯಾಂಡಿನ ಒಂದು ಕಾಲು ಜಾರುತ್ತಿದ್ದುದರಿಂದ ಅಷ್ಟೂ ಹೊತ್ತು ಫೋನು ಹಿಡಿದು ನಿಂತವಳು ನಾನು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸರ್ ಧ್ವನಿಯನ್ನು ಅಣಕಿಸಿ ಅಕ್ಕುತಾಯಿ ಮೇಡಮ್ಮನ್ನು ನಗಿಸಿದವಳೂ ನಾನೇ. ಜನರನ್ನು ತಾತ್ಸಾರ ಮಾಡುವುದು ನನಗೆ ಚೆನ್ನಾಗಿ ಬರುತ್ತದೆ. ಅದಕ್ಕೆ ಚಹಾ ಒಂದಿದ್ದರೆ ಸಾಕು.

ಹದಿನೈದು ದಿನದಲ್ಲಿ ಆ ವಿಡಿಯೋವನ್ನು ನಾಲ್ಕು ಲಕ್ಷ ಜನ ನೋಡಿದರು. ಇಂಥ ದಡ್ಡ ಮಗುವಿಗೂ ತಿಳಿಯುವಂತೆ ಕಲಿಸಿದ ಗುರುವಿಗೆ ನಮನ ಎಂದು ಕೆಳಗೆ ಬರೆದರು. ಇಂಥ ಶಿಕ್ಷಕ ಸಿಕ್ಕಿದ್ದರೆ ತಾವೂ ಉದ್ಧಾರವಾಗುತ್ತಿದ್ದೆವೆಂದು ಮರುಗಿದವರೂ ಇದ್ದರು. ವರ್ಷವಿಡೀ ಏಳನೆಯ ತರಗತಿಯ ಹೊಸ್ತಿಲು ತುಳಿಯದ ನಮ್ಮ ಹೆಡ್‌ಮಾಸ್ತರ ಜಕ್ಕಪ್ಪನವರು ಪಾಲಕರ ಸಭೆಯಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ಹಾಕಿಸಿದರು. ಸಭೆ ಮುಗಿದ ಸಂಜೆಯಿಂದ ಮನೀಷಾಳ ಹೆಸರು ಎಂಟಾಂಶ ಎಂದಾಯಿತು. ಉಗಾರದ ಫ್ಯಾಕ್ಟರಿಗೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರಿನವರೂ ಅವಳನ್ನು ಹಾಗೆ ಕೂಗಿ ಹೋಗುತ್ತಿದ್ದರು.

ಸರ್ ಮತ್ತೆ ಐದು ವಿಡಿಯೋ ಮಾಡಿದರು. ಚಂದ್ರಗ್ರಹಣ ತಿಳಿಯದವಳು, ದಿಕ್ಕು ತಿಳಿಯದವಳು, ಗಡಿಯಾರ ಓದಲು ಬಾರದವಳು, ಎಲ್ಲ ಮನೀಷಾಳೇ. ಕಣ್ಣು ಯಾವಾಗ ಅರಳಿಸಬೇಕೆಂದು ಈಗ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಡಿಸೆಂಬರಿನಲ್ಲಿ ಅಥಣಿಯಲ್ಲಿ ಗಣಿತದ ರಸಪ್ರಶ್ನೆ ಇತ್ತು. ಶಾಲೆಗೆ ಇಬ್ಬರು. ಸರ್ ಸಂಗ್ರಾಮನ ಹೆಸರನ್ನೂ ಕಾಂಚನಾ ಎಂಬ ಹುಡುಗಿಯ ಹೆಸರನ್ನೂ ಬರೆದರು. ಮನೀಷಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ತನ್ನದೇ ಹೆಚ್ಚು ಅಂಕವಿತ್ತಲ್ಲ ಎಂದು ಕೇಳಿದಳು. ಸರ್ ಅವಳನ್ನು ಹತ್ತಿರ ಕರೆದು ತಲೆ ಸವರಿದರು.

“ಅಲ್ಲಿ ಮಂದಿ ನಿನ್ನ ಗುರುತ ಹಿಡೀತಾರವಾ. ನೀ ಪಟಾಪಟ್ ಉತ್ತರ ಹೇಳಿದಿ ಅಂದ್ರ ನಮ್ಮ ವಿಡಿಯೋ ಸುಳ್ಳ ಅಂತಾರ. ಸಾಲಿ ಹೆಸರ ಹೋಗ್ತೈತಿ.”

ಮನೀಷಾ ನನ್ನ ಕಡೆ ನೋಡಿದಳು. ನಾನು ಹಾಜರಿ ಪುಸ್ತಕದಲ್ಲಿ ಏನೋ ತಿದ್ದುತ್ತ ಕೂತೆ. ತಿದ್ದುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಮಕ್ಕಳನ್ನು ಅಥಣಿಗೆ ಕರೆದುಕೊಂಡು ಹೋದದ್ದು ನಾನು. ಸಂಗ್ರಾಮನನ್ನು ಅಲ್ಲಿ ಎಲ್ಲರೂ ಗುರುತಿಸಿದರು, ಇಬ್ಬರು ಶಿಕ್ಷಕರು ಅವನ ಜೊತೆ ಫೋಟೋ ತೆಗೆಸಿಕೊಂಡರು. ಮೊದಲ ಸುತ್ತಿನಲ್ಲೇ ನಮ್ಮ ಶಾಲೆ ಹೊರಗೆ ಬಿತ್ತು. ಹುಡುಗ ಬಸ್ಸಿನಲ್ಲಿ ಅತ್ತ. ಜಾಣನೆಂಬ ಸುಳ್ಳನ್ನು ಹೊರಿಸಿ ಅವನನ್ನೂ ನಿಲ್ಲಿಸಿದ್ದರೆಂದು ನನಗೆ ಆಗ ಹೊಳೆಯಿತು.

ಮರುವಾರ ಲಕ್ಕವ್ವ ಶಾಲೆಗೆ ಬಂದಳು. ತೋಟದಿಂದ ನೇರವಾಗಿ ಬಂದಿದ್ದಳು, ಕೈಗೆ ದ್ರಾಕ್ಷಿಗೆ ಹೊಡೆಯುವ ಔಷಧದ ನೀಲಿ ಹತ್ತಿತ್ತು. ಹಿಂದಿನ ದಿನ ಪಗಾರ ಕೊಡುವಾಗ ತೋಟದ ಮನೆಯವರು ಅವಳನ್ನು ಎಂಟಾಂಶದ ಅವ್ವ ಎಂದು ಕರೆದಿದ್ದರಂತೆ. ವಿಡಿಯೋಗಳನ್ನು ತೆಗೆದುಬಿಡಿ ಎಂದು ಸರ್ ಅವರನ್ನು ಕೇಳಿಕೊಂಡಳು. ಸರ್ ಕುರ್ಚಿ ಕೊಟ್ಟರು, ಚಹಾ ತರಿಸಿದರು, ಫೋನು ತೆರೆದು ಎಷ್ಟು ಲಕ್ಷ ಜನ ನೋಡಿದ್ದಾರೆಂದು ತೋರಿಸಿದರು. ಮಗಳು ರಾಜ್ಯಕ್ಕೆಲ್ಲ ಗೊತ್ತಾಗಿದ್ದಾಳೆ, ಇಂಥ ಭಾಗ್ಯ ಯಾರಿಗಿದೆ ಎಂದರು.

ಲಕ್ಕವ್ವ ಚಹಾ ಮುಟ್ಟಲಿಲ್ಲ. “ನಿಮಗೂ ಮಗಳ ಅದಾಳಲ್ರಿ ಸರ್. ಮುಂದಿನ ಸಲ ಆಕಿನ್ನ ದಡ್ಡಿ ಮಾಡಿ ತೋರಸ್ರಿ. ಭಾಗ್ಯ ಆಕಿಗೂ ಬರ್ಲಿ.”

ಸರ್ ನಕ್ಕರು. ಅವರ ಮಗಳು ಚಿಕ್ಕೋಡಿಯ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದಳು. ಆ ಶಾಲೆಯವರು ತರಗತಿಯೊಳಗೆ ಫೋನು ಬಿಡುವುದಿಲ್ಲ ಎಂದು ಅವರೇ ಒಮ್ಮೆ ಹೆಮ್ಮೆಯಿಂದ ಹೇಳಿದ್ದರು.

ಲಕ್ಕವ್ವ ಹೋದ ಮೇಲೆ ಮನೀಷಾ ಮತ್ತೆ ಕ್ಯಾಮೆರಾ ಮುಂದೆ ನಿಲ್ಲಲಿಲ್ಲ. ಸರ್ ಬಯ್ಯಲಿಲ್ಲ, ಒತ್ತಾಯ ಮಾಡಲೂ ಇಲ್ಲ. ಅವಳ ಓಣಿಯವನೇ ಆದ ಪಾರಿಸ ಎಂಬ ಹುಡುಗನನ್ನು ನಿಲ್ಲಿಸಿಕೊಂಡರು. ಹಳೆಯ ಆರು ವಿಡಿಯೋಗಳು ಇದ್ದಲ್ಲೇ ಇದ್ದವು. ಫೆಬ್ರುವರಿಯಲ್ಲಿ ಒಂದು ಸಂಘದವರು ಸರ್‌ಗೆ ಸೃಜನಶೀಲ ಶಿಕ್ಷಕ ಪ್ರಶಸ್ತಿ ಕೊಟ್ಟರು. ನಾವೆಲ್ಲ ಹೋಗಿ ಊಟ ಮಾಡಿ ಬಂದೆವು. ಶಾಲು ಅವರಿಗೆ ಒಪ್ಪಿತ್ತು. ನಾನು ಹಾಗೆಂದು ಅವರೆದುರಿಗೇ ಹೇಳಿದೆ, ಅವರು ಸಂತೋಷಪಟ್ಟರು.

ಜೂನಿನಲ್ಲಿ ಮನೀಷಾ ಪಕ್ಕದೂರಿನ ಹೈಸ್ಕೂಲಿಗೆ ಸೇರಿದಳು. ಮುಂದಿನದನ್ನು ಫೋನು ಮಾಡಿ ನನಗೆ ಹೇಳಿದವರು ಅಲ್ಲಿಯ ಗಣಿತ ಶಿಕ್ಷಕಿ ಸುಗಂಧಾ. ನಿಪ್ಪಾಣಿ ಕಡೆಯವರು, ಕೆಲಸಕ್ಕೆ ಹೊಸಬರು, ಒಳ್ಳೆಯ ಮನಸ್ಸಿನವರು. ಎಂಟನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿ ಮರೆತಿರಬಹುದೆಂದು ಅಂತರ್ಜಾಲದಲ್ಲಿ ಹುಡುಕಿದ್ದಾರೆ, ನಮ್ಮ ಸರ್ ವಿಡಿಯೋ ಸಿಕ್ಕಿದೆ, ಸ್ಮಾರ್ಟ್ ಬೋರ್ಡಿನ ಮೇಲೆ ಹಾಕಿದ್ದಾರೆ. ಆ ಹುಡುಗಿ ತಮ್ಮೆದುರಿಗೇ ಮೂರನೆಯ ಬೆಂಚಿನಲ್ಲಿ ಕೂತಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ಮಕ್ಕಳೆಲ್ಲ ಅವಳ ಕಡೆ ತಿರುಗಿ ನೋಡತೊಡಗಿದಾಗಲೇ ಗೊತ್ತಾದದ್ದು. ಗಾಬರಿಯಿಂದ ನಿಲ್ಲಿಸಲು ಹೋದರೆ ಮನೀಷಾ ಎದ್ದು ನಿಂತು, ಬೇಡ, ಪೂರ್ತಿ ತೋರಿಸಿ ಎಂದಳಂತೆ. ವಿಡಿಯೋ ಮುಗಿಯುವವರೆಗೆ ನಿಂತೇ ಇದ್ದಳಂತೆ.

“ಇದರಾಗ ಲೆಕ್ಕ ಖರೇ ಐತ್ರಿ ಟೀಚರ್. ನಾ ಅಷ್ಟ ಸುಳ್ಳ ಇದ್ದೀನಿ” ಎಂದು ಹೇಳಿ ಕೂತಳಂತೆ.

ಸುಗಂಧಾ ಆಮೇಲೆ ಅವಳಿಂದ ಹಲಗೆಯ ಮೇಲೆ ಐದು ಲೆಕ್ಕ ಹಾಕಿಸಿದರು. ಮೂರನೆಯದರಲ್ಲಿ ಟೀಚರ್ ಬರೆದ ಒಂದು ಅಂಕಿ ತಪ್ಪಿತ್ತು, ಅದನ್ನೂ ಮನೀಷಾಳೇ ತೋರಿಸಿದಳು. ಯಾರೂ ನಗಲಿಲ್ಲವಂತೆ.

ಇಷ್ಟು ಹೇಳಿ ಸುಗಂಧಾ, ಹುಡುಗಿ ಹೇಳಿದ್ದು ನಿಜವೇ ಎಂದು ಕೇಳಿದರು. ನಿಜ, ನಾನು ಅಲ್ಲೇ ಇದ್ದೆ ಅಂದೆ.

“ಮತ್ತ ನೀವ ಯಾಕ ಸುಮ್ಮ ಇದ್ರಿ ಮೇಡಮ್?”

ಗಂಟೆ ಬಾರಿಸಿತು, ಕ್ಲಾಸಿಗೆ ಹೋಗಬೇಕು ಎಂದು ಹೇಳಿ ಫೋನು ಇಟ್ಟೆ. ಅಂದು ಭಾನುವಾರ.