ತಿಪ್ಪವ್ವನ ಎಡಗೈ ಚೌಕ

ಯಂಕಂಚಿಯಲ್ಲಿ ಕೌದಿ ಹೊಲಿಸಬೇಕೆಂದರೆ ಕುರುಬರ ತಿಪ್ಪವ್ವನ ಮನೆಗೇ ಹೋಗಬೇಕು ಎಂಬ ಮಾತು ಒಂದು ಕಾಲಕ್ಕಿತ್ತು. ಹಳೆಯ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡಾದ ಅಂಗಿ, ಏನು ತಂದು ಸುರಿದರೂ ಅವಳು ಅದನ್ನು ಹಾಸಿ, ತಿರುಗಿಸಿ, ಯಾವ ಬಣ್ಣದ ಪಕ್ಕ ಯಾವುದು ಕೂತರೆ ಚೆಂದ ಎಂದು ನೋಡಿಯೇ ಸೂಜಿ ಎತ್ತುವಳು. ಅವಳ ಹೊಲಿಗೆ ಕೂರಿಗೆಯ ಸಾಲಿನ ಹಾಗೆ ನೆಟ್ಟಗೆ ಹೋಗುತ್ತದೆ ಎಂದು ಗಂಡಸರೂ ಒಪ್ಪುತ್ತಿದ್ದರು.

ಹಾಗಿದ್ದವಳ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಎಪ್ಪತ್ತಮೂರನೆಯ ಇಸವಿಯಲ್ಲಿ ದನದ ಮೇವಿಗೆ ಜೋಳದ ಕಣಕಿ ಕತ್ತರಿಸುವ ಮಷೀನಿಗೆ ಸಿಕ್ಕು ಹೋದವು. ಗಾಯವೇನೋ ಮಾಯಿತು. ಆದರೆ ಕೌದಿ ಮತ್ತೆ ಕೈಗೆ ಹತ್ತಲಿಲ್ಲ. ಎಡಗೈಯಿಂದ ಸೂಜಿ ಚುಚ್ಚಿದರೂ, ಅಷ್ಟು ದಪ್ಪನೆಯ ಪದರದಡಿಯಿಂದ ಅದನ್ನು ಒತ್ತಿ ಮೇಲೆ ಕೊಡಲು ಬಲಗೈಯಲ್ಲಿ ಆ ಬೆರಳುಗಳಿಲ್ಲ. ಜನ ಕೌದಿ ತರುವುದನ್ನು ಬಿಟ್ಟರು. ತಿಪ್ಪವ್ವ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಓಡಾಡುವುದನ್ನು ರೂಢಿ ಮಾಡಿಕೊಂಡಳು.

ಮೂರು ವರ್ಷ ಕಳೆದ ಮೇಲೆ ಊರಿನ ಮಹಿಳಾ ಮಂಡಳಕ್ಕೆ ಕ್ರೋಶಾ ಹೆಣಿಗೆ ಕಲಿಸಲು ಇಂಡಿ ಪಟ್ಟಣದಿಂದ ಸಗೀರಾ ಎಂಬ ಹುಡುಗಿ ಬಂದಳು. ವಯಸ್ಸು ಇಪ್ಪತ್ತೆರಡು, ಮಾತು ಮೆತ್ತಗೆ. ಚಾವಡಿಯ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತು ಕ್ಲಾಸು. ತಿಪ್ಪವ್ವನ ಸೊಸೆ ಸುಂದರವ್ವನೂ ಸೇರಿದಳು. ಒಂದು ದಿನ ಅವಳು ಅಂಗೈಯಗಲದ ಚೌಕವೊಂದನ್ನು ಮನೆಗೆ ತಂದಳು. ನಡುವೆ ಹಳದಿ, ಸುತ್ತ ಗುಲಾಬಿ, ಅದರಾಚೆ ಗಿಳಿಹಸಿರು, ಕೊನೆಗೆ ಕಪ್ಪು ಅಂಚು.

ತಿಪ್ಪವ್ವ ಅದನ್ನು ಹಿಂದುಮುಂದು ತಿರುವಿ, ಮೂಲೆ ಹಿಡಿದು ಜಗ್ಗಿ ನೋಡಿದಳು.

"ಇದಕ್ಕ ಸೂಜಿ ಎಷ್ಟ ಬೇಕ?"

"ಒಂದ ಕಡ್ಡಿ ಅತ್ತಿ. ತುದಿಗೆ ಕೊಕ್ಕಿ ಇರತೈತಿ."

"ಅಡಿಯಿಂದ ಒತ್ತಿ ಕೊಡೂದು ಏನೂ ಇಲ್ಲ?"

"ಏನೂ ಇಲ್ಲ. ಇನ್ನೊಂದ ಕೈ ಬರೇ ದಾರ ಹಿಡದಿರತೈತಿ."

ಮರುದಿನ ತಿಪ್ಪವ್ವ ಸೊಸೆಯ ಹಿಂದೆಯೇ ಚಾವಡಿ ಹತ್ತಿದಳು. ಮಂಡಳದ ಅಧ್ಯಕ್ಷೆ, ಗೌಡರ ಮನೆಯ ಬಾಳಮ್ಮ, ಬಾಗಿಲಲ್ಲೇ ಕೂತಿದ್ದಳು.

"ಇದು ಹುಡುಗ್ಯಾರ ಕ್ಲಾಸ್, ತಿಪ್ಪವ್ವಾ. ಉಲನ್ ಮಂಡಳದ್ದು. ಆ ಕೈ ತಗೊಂಡ ಏನ ಹೆಣಿತಿ? ಸುಮ್ನ ದಾರ ಹಾಳ."

ಹುಡುಗಿಯರು ತಲೆ ತಗ್ಗಿಸಿದರು. ತಿಪ್ಪವ್ವನ ಮುಖ ಕಾದ ಹಂಚಿನಂತಾಯಿತು. ಆದರೂ ಅವಳು ಹಿಂದೆ ಸರಿಯಲಿಲ್ಲ.

"ದಾರ ನಾನ ತರತೇನ್ರಿ ಅವ್ವಾರ. ಕುರಿ ನಮ್ಮನ್ಯಾಗ ಅದಾವು."

ಬಾಳಮ್ಮ ಬಾಗಿಲಿನಿಂದ ಕಾಲು ಸರಿಸಿದಳು. ತಿಪ್ಪವ್ವ ಒಳಗೆ ಹೋಗಿ ಗೋಡೆಗೆ ಒರಗಿ ಕೂತಳು.

ಮೊದಲ ಎರಡು ದಿನ ಬರೀ ಗೋಜಲು. ಪಕ್ಕದಲ್ಲಿ ಕೂತು ನೋಡಿದರೆ ಸಗೀರಾಳ ಕೈ ಒಂದು ದಿಕ್ಕಿಗೆ, ತಿಪ್ಪವ್ವನ ಎಡಗೈ ಇನ್ನೊಂದು ದಿಕ್ಕಿಗೆ. ಸಗೀರಾ ತಾನೂ ಎಡಗೈಯಲ್ಲಿ ಕಡ್ಡಿ ಹಿಡಿದು ತೋರಿಸಲು ಹೋಗಿ ಸೋತಳು. ಮೂರನೆಯ ದಿನ ಅವಳು ತಾನೇ ಎದ್ದು ತಿಪ್ಪವ್ವನ ಮುಂದೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು.

"ಆಯಿ, ಕನ್ನಡಿ ನೋಡಿದಂಗ ನನ್ನ ನೋಡ್ರಿ. ನನ್ನ ಬಲಗೈ ಏನ ಮಾಡತೈತಿ, ನಿಮ್ಮ ಎಡಗೈ ಅದನ್ನ ಮಾಡ್ಲಿ."

ಅಷ್ಟೇ ಸಾಕಾಯಿತು. ಸರಪಳಿ ಹೊರಟಿತು. ಐದು ಸರಪಳಿ ಕುಣಿಕೆ ಸೇರಿಸಿ ಒಂದು ಬಳೆ, ಬಳೆಯೊಳಗೆ ಮೂರು ಮೂರು ಉದ್ದ ಹೆಣಿಗೆ, ಅಂದರೆ ಕಂಬ. ದಾರವನ್ನು ಬಲಗೈಯ ಕಿರುಬೆರಳಿಗೆ ಸುತ್ತಿ, ಮೊಂಡಾದ ಎರಡು ಬೆರಳ ಮೇಲೆ ಹಾಯಿಸಿಕೊಂಡಳು. ಆ ಮೊಂಡುಗಳು ಅಲುಗಾಡುವಂತಿರಲಿಲ್ಲ; ದಾರ ಒಮ್ಮೆ ಬಿಗಿ, ಒಮ್ಮೆ ಸಡಿಲ ಆಗದೆ ಒಂದೇ ಸಮ ಹರಿದುಬಂತು. ಮೊದಲ ಚೌಕ ಬಟ್ಟಲಿನ ಹಾಗೆ ಮುದುಡಿಕೊಂಡಿತು. "ಮೂಲಿ ಮೂಲಿಗೂ ಮೂರ ಕಂಬ ಎರಡ ಸಲ ಹಾಕ್ರಿ, ಆಯಿ, ಆಗ ಚಪ್ಪಟಿ ಕೂಡತೈತಿ," ಎಂದಳು ಸಗೀರಾ. ತಿಪ್ಪವ್ವ ಬಿಚ್ಚಿದಳು, ಮತ್ತೆ ಹೆಣೆದಳು. ವಾರ ಕಳೆಯುವಷ್ಟರಲ್ಲಿ ಅವಳ ಚೌಕ ನೆಲದ ಮೇಲೆ ಎಲೆಯ ಹಾಗೆ ಹರವಿಕೊಂಡು ಕೂತಿತು. ಅವತ್ತು ಮನೆಗೆ ಬರುವ ದಾರಿಯಲ್ಲಿ ಕೇಳಿದವರಿಗೂ ತೋರಿಸಿದಳು, ಕೇಳದವರಿಗೂ ತೋರಿಸಿದಳು.

ದೀಪಾವಳಿ ಕಳೆದ ಮೇಲೆ ಸಿಂದಗಿಯಲ್ಲಿ ತಾಲೂಕಿನ ಮಹಿಳಾ ಮಂಡಳಗಳ ಪ್ರದರ್ಶನವೆಂದು ಗೊತ್ತಾಯಿತು. ಯಂಕಂಚಿಯಿಂದ ಮಂಚದ ಹೊದಿಕೆ ಹೋಗಬೇಕೆಂದು ಸಗೀರಾ ಹೇಳಿದಳು. ಹನ್ನೆರಡು ಜನ, ತಲೆಗೆ ಹತ್ತು ಚೌಕ, ಒಟ್ಟು ನೂರಾ ಇಪ್ಪತ್ತು. ಚೌಕಗಳೇನೋ ಮುಗಿದವು. ಅಷ್ಟರಲ್ಲಿ ಅಕ್ಕನ ಬಾಣಂತನಕ್ಕೆಂದು ಸಗೀರಾ ಇಂಡಿಗೆ ಹೋಗಬೇಕಾಯಿತು. "ಜೋಡಿಸೂದೊಂದ ಉಳದೈತಿ, ನೀವ ಮಾಡ್ರಿ," ಎಂದು ಬಸ್ಸು ಹತ್ತಿದಳು.

ಜೋಡಿಸಲು ಹಾಸಿ ನೋಡಿದರೆ ಎಲ್ಲರ ಎದೆ ಒಡೆಯಿತು. ಬಿಗಿ ಕೈಯವರ ಚೌಕ ಗಿಡ್ಡ, ಸಡಿಲ ಕೈಯವರದು ಉದ್ದ. ಎರಡು ಸಾಲು ಸೇರಿಸುವಷ್ಟರಲ್ಲಿ ಹೊದಿಕೆ ಕುಂಬಳಕಾಯಿಯ ಹಾಗೆ ಉಬ್ಬಿತು. ಸಾಲದ್ದಕ್ಕೆ ಕಪ್ಪು ಉಲನ್ ತೀರಿತ್ತು, ಸಿಂದಗಿಯ ಅಂಗಡಿಯಲ್ಲೂ ಇರಲಿಲ್ಲ.

"ಹೋಗಲಿ ಬಿಡ್ರಿ," ಎಂದಳು ಬಾಳಮ್ಮ. "ನಾಕ ತಲಿದಿಂಬಿನ ಚೀಲ ಕಳಸೋಣ."

"ಐದ ದಿನ ನನಗ ಕೊಡ್ರಿ ಅವ್ವಾರ," ಎಂದಳು ತಿಪ್ಪವ್ವ. "ಕೌದಿ ಹಾಸಿದ ಕೈ ಇದು. ಸಣ್ಣದು ದೊಡ್ಡದು ಕೂಡಸೂದು ನನಗ ಗೊತ್ತೈತಿ."

ಚೌಕಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಮನೆಗೆ ತಂದಳು. ಪಡಸಾಲೆಯಲ್ಲಿ ಕಂಬಳಿ ಹಾಸಿದಳು. ಕಸಬರಿಗೆಯ ಒಂದು ಕಡ್ಡಿಯನ್ನು ಅಳತೆಗೆ ಮುರಿದುಕೊಂಡು, ಒಂದೊಂದೇ ಚೌಕವನ್ನು ನೀರಲ್ಲಿ ಅದ್ದಿ ಹಿಂಡಿ, ಕಡ್ಡಿಯಳತೆಗೆ ಜಗ್ಗಿ, ನಾಲ್ಕು ಮೂಲೆಗೂ ಜಾಲಿಮುಳ್ಳು ಚುಚ್ಚಿ ಕಂಬಳಿಗೆ ಬಿಗಿದಳು. ಒಣಗಿದ ಮೇಲೆ ಮುಳ್ಳು ಕಿತ್ತರೆ ಚೌಕ ಆ ಅಳತೆಯಲ್ಲೇ ನಿಂತಿತು. ಅಷ್ಟಾದರೂ ಗಿಡ್ಡ ಉಳಿದವಕ್ಕೆ ಇನ್ನೊಂದು ಸುತ್ತು ಕಪ್ಪು ಅಂಚು ಬೇಕಿತ್ತು.

ಗಂಡ ಚಂದಪ್ಪ ಸಂಜೆ ಕುರಿ ಹೊಡೆದುಕೊಂಡು ಬಂದಾಗ ಅವಳು ಕೇಳಿದಳು: "ಮರಿಗಳದು ಮೊದಲನೇ ಸಲ ಕತ್ತರಿಸಿದ ಉಣ್ಣಿ ಇಟ್ಟೀರೇನ್ರಿ?"

"ಐತಿ. ಯಾಕ?"

"ಕರೇದು ಆರಿಸಿ, ಎಷ್ಟ ಸಣ್ಣಗ ಬರತೈತಿ ಅಷ್ಟ ಸಣ್ಣಗ ನೂತ ಕೊಡ್ರಿ. ಮೈಗೆ ಚುಚ್ಚಬಾರದು."

ಚಂದಪ್ಪ ಎರಡು ದಿನ ಕುರಿಯ ಹಿಂದೆ ನಡೆಯುತ್ತಲೇ ತಕಲಿ ತಿರುಗಿಸಿದ. ತಿಪ್ಪವ್ವ ಆ ದಾರವನ್ನು ಅಂಟವಾಳದ ನೊರೆಯಲ್ಲಿ ತೊಳೆದು ನೆರಳಲ್ಲಿ ಒಣಗಿಸಿದಳು. ಅಂಗಡಿಯ ಕಪ್ಪಿಗಿಂತ ಇದರ ಕಪ್ಪು ಆಳವಾಗಿತ್ತು. ಹಳದಿ, ಗುಲಾಬಿ, ಹಸಿರು ಅದರ ಪಕ್ಕ ಎದ್ದು ಕುಣಿದವು. ಆಮೇಲೆ ಅತ್ತೆ ಸೊಸೆ ಜೋಡಿಸಲು ಕೂತರು. ಸುಂದರವ್ವ ಒಂದು ತುದಿಯಿಂದ ಬಲಗೈಯಲ್ಲಿ, ತಿಪ್ಪವ್ವ ಇನ್ನೊಂದು ತುದಿಯಿಂದ ಎಡಗೈಯಲ್ಲಿ. ಪ್ರತಿ ಸಾಲಿಗೂ ಇಬ್ಬರ ಕಡ್ಡಿ ನಟ್ಟನಡುವೆ ಬಂದು ಭೇಟಿಯಾಗುತ್ತಿತ್ತು. ಐದನೆಯ ದಿನ ಹೊದಿಕೆ ಝಾಡಿಸಿ ಹಾಸಿದರು. ಎಲ್ಲೂ ಒಂದು ಉಬ್ಬು ಇಲ್ಲ. ಬಾಳಮ್ಮ ಬಂದು ನೋಡಿ, ಚಪ್ಪಲಿ ಕಳೆದು ಒಳಗೆ ಬಂದು, ಆ ತುದಿಯಿಂದ ಈ ತುದಿಯವರೆಗೆ ಅಂಗೈಯಿಂದ ಸವರಿದಳು.

ಸಿಂದಗಿಯ ಶಾಲೆಯ ದೊಡ್ಡ ಕೋಣೆಯಲ್ಲಿ ಪ್ರದರ್ಶನ. ವಿಜಾಪುರದಿಂದ ಬಂದಿದ್ದ ಮಹಿಳಾ ಅಧಿಕಾರಿ ಕನ್ನಡಕ ಏರಿಸಿಕೊಂಡು ಒಂದೊಂದೇ ಮೇಜು ನೋಡುತ್ತ ಬಂದರು. ಯಂಕಂಚಿಯ ಹೊದಿಕೆಯ ಮುಂದೆ ನಿಂತು, ಅದರ ಬೆನ್ನು ಮಗುಚಿ ಗಂಟು ಹುಡುಕಿದರು. ಸಿಗಲಿಲ್ಲ.

"ಈ ಕರೇ ದಾರ ಯಾವ ಅಂಗಡಿದು?"

ತಿಪ್ಪವ್ವ ಹಿಂದೆ ನಿಂತಿದ್ದಳು. ಬಾಳಮ್ಮ ತಿರುಗಿ ಅವಳ ರಟ್ಟೆ ಹಿಡಿದು ಮುಂದೆ ತಂದಳು. "ಇವರನ್ನ ಕೇಳ್ರಿ ಬಾಯಾರ. ಎಲ್ಲಾ ಇವರ ಕೆಲಸ."

"ಅಂಗಡಿದಲ್ಲರಿ," ಎಂದಳು ತಿಪ್ಪವ್ವ. "ನಮ್ಮ ಕುರಿಮರೀದು. ನಮ್ಮನಿಯವರು ನೂತಾರ. ನಾನೂ ನನ್ನ ಸೊಸಿ ಕೂಡಿಸೇವಿ."

"ಒಂದಷ್ಟು ಚೌಕ ಉಲ್ಟಾ ದಿಕ್ಕಿಗೆ ಹೆಣದಾರಲ್ಲ?"

"ಅವು ನನ್ನವರಿ. ನಾ ಎಡಗೈಲೆ ಹೆಣಿತೇನಿ."

"ಯಾಕ?"

ತಿಪ್ಪವ್ವ ಬಲಗೈಯನ್ನು ಸೆರಗಿನಿಂದ ಹೊರತೆಗೆದು, ಮೇಜಿನ ಮೇಲೆ, ಬಣ್ಣಬಣ್ಣದ ಚೌಕಗಳ ನಡುವೆ ಇಟ್ಟಳು. ಅಧಿಕಾರಿ ಆ ಕೈಯನ್ನು ನೋಡಿದರು, ಮತ್ತೆ ಹೊದಿಕೆಯನ್ನು ನೋಡಿದರು. "ನಮಗೂ ಸ್ವಲ್ಪ ಹೆಣದ ತೋರಸ್ರಿ," ಎಂದು ತಾವೇ ಕುರ್ಚಿ ಎಳೆದು ಕೊಟ್ಟರು.

ತಿಪ್ಪವ್ವ ಕುರ್ಚಿ ಬೇಡವೆಂದು ನೆಲಕ್ಕೇ ಕೂತಳು. ಸುಂದರವ್ವ ಕಡ್ಡಿ, ದಾರ ಕೊಟ್ಟಳು. ಬೇರೆ ಊರುಗಳ ಹೆಂಗಸರು ತಮ್ಮ ಮೇಜು ಬಿಟ್ಟು ಬಂದು ಸುತ್ತುಗಟ್ಟಿದರು. ಕೊಕ್ಕೆ ಒಳಗೆ ಹೋಯಿತು, ಹೊರಗೆ ಬಂತು. ಹಳದಿಯ ಸುತ್ತ ಕೆಂಪು ಅರಳಿತು, ನಾಲ್ಕು ಮೂಲೆ ನೆಟ್ಟಗೆ ನಿಂತವು. ಯಾರೋ "ಶಾಭಾಸ್!" ಎಂದರು. ಅವಳು ತಲೆ ಎತ್ತಲಿಲ್ಲ. ಆದರೆ ಮೈತುಂಬ ಒಂದು ಬಿಸಿ ಏರಿ, ಬೆನ್ನು ತಾನಾಗಿ ನೆಟ್ಟಗಾಯಿತು.

ಯಂಕಂಚಿಗೆ ಮೊದಲ ಬಹುಮಾನ ಬಂತು. ತಿರುಗಿ ಬರುವಾಗ ಬಸ್ಸಿನಲ್ಲಿ ಬಾಳಮ್ಮ ಅವಳ ಪಕ್ಕದಲ್ಲೇ ಕೂತಳು. "ಅವತ್ತ ಬಾಗಲದಾಗ ನಾ ಹಂಗ ಅನಬಾರದಿತ್ತು," ಎಂದಳು.

"ಅಂದ್ರಿ, ಆತು. ನಿಮ್ಮ ಮಾತಿಗೆ ಸಿಟ್ಟ ಬಂದಿದ್ದಕ್ಕ ಒಳಗ ಹೋಗಿ ಕುಂತೆ," ಎಂದು ತಿಪ್ಪವ್ವ ನಕ್ಕಳು. ಬಾಳಮ್ಮನೂ ನಕ್ಕಳು.

ಸಂಕ್ರಾಂತಿ ಕಳೆದ ಮೇಲೆ ಮೋರಟಗಿಯ ಮಂಡಳದಿಂದ ಕರೆ ಬಂತು: ವಾರಕ್ಕೆರಡು ದಿನ ಬಂದು ಕಲಿಸಬೇಕಂತೆ. ತಿಪ್ಪವ್ವ ಇಳಕಲ್ ಸೀರೆ ಉಟ್ಟು, ಚೀಲದಲ್ಲಿ ಕಡ್ಡಿ ದಾರ ತುಂಬಿಕೊಂಡು ಒಬ್ಬಳೇ ಬಸ್ಸಿಳಿದಳು. ಅಲ್ಲಿನ ಗುಡಿಯ ಕಟ್ಟೆಯ ಮೇಲೆ ಹತ್ತು ಹದಿನೈದು ಹೆಂಗಸರು ದಾರಿ ಕಾಯುತ್ತಿದ್ದರು. ಅವರಲ್ಲೊಬ್ಬಳು ಅವಳ ಹಿಂದೆ ಯಾರಾದರೂ ಇಳಿದರೇನೋ ಎಂದು ಬಸ್ಸಿನತ್ತ ಕತ್ತು ಚಾಚಿ ಕೇಳಿದಳು:

"ಕ್ರೋಶಾ ಕಲಸೂ ಅಕ್ಕೋರು ಬರಲಿಲ್ಲೇನ್ರಿ?"

"ಬಂದೇನಲ್ಲವಾ," ಎಂದಳು ತಿಪ್ಪವ್ವ, ಕಟ್ಟೆ ಹತ್ತುತ್ತ. "ನಾನ ಅಕ್ಕೋರು."